ಮೈನಸ್ 16ರ ಲೆಕ್ಕ

ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ರಾಜ್ಯದಲ್ಲಿ ಸುಮಾರು ಅರ್ಧದಷ್ಟು ಮನೆಗಳು ಚಳಿಗಾಲ ಕಳೆಯುವುದು ಎಣ್ಣೆ ಸುಟ್ಟು. ಡೀಸೆಲ್‌ಗೆ ತೀರ ಹತ್ತಿರದ ಈ ಎಣ್ಣೆಯನ್ನು ಟ್ಯಾಂಕರ್ ಲಾರಿ ಮನೆಬಾಗಿಲಿಗೆ ತಂದು, ನೆಲಮಾಳಿಗೆಯ ಟ್ಯಾಂಕಿಗೆ ತುಂಬಿಸಿ ಹೋಗುತ್ತದೆ. ಎಣ್ಣೆಯ ಒಲೆಗೆ ಇಷ್ಟು ಜೋತುಬಿದ್ದ ರಾಜ್ಯ ಆ ದೇಶದಲ್ಲಿ ಇನ್ನೊಂದಿಲ್ಲ. ಈ ಎಣ್ಣೆಯ ಬದಲಿಗೆ, ಹೊರಗಿನ ಶಾಖವನ್ನು ವಿದ್ಯುತ್ತಿನ ಬಲದಿಂದ ಒಳಗೆ ತರುವ ಹೀಟ್ ಪಂಪ್‌ಗಳನ್ನು 2025ರೊಳಗೆ ಒಂದು ಲಕ್ಷ ಕೂರಿಸಬೇಕೆಂಬ ಗುರಿಯನ್ನು ಅಲ್ಲಿಯವರು 2019ರಲ್ಲಿ ಕಾನೂನಿನಲ್ಲೇ ಬರೆದುಕೊಂಡರು. 2023ರಲ್ಲೇ ಅದನ್ನು ಮುಟ್ಟಿ, 2027ರೊಳಗೆ ಇನ್ನೂ 1,75,000 ಎಂದು ಮುಂದಿನ ಗುರಿ ಹಾಕಿಕೊಂಡರು.

ಈ ದೊಡ್ಡ ಲೆಕ್ಕದ ನಡುವೆ ಅಷ್ಟಾಗಿ ಮಾತಿಗೆ ಬಾರದ ಸಂಗತಿ ಒಂದಿದೆ. ಹೀಟ್ ಪಂಪ್ ದುಡಿಯುವುದು 15 ವರ್ಷದ ಆಸುಪಾಸು. ಮೊದಮೊದಲು ಕೂತ ಯಂತ್ರಗಳು ಈಗ ಒಂದೊಂದಾಗಿ ಕೈಕೊಡುತ್ತಿವೆ. ಎರಡನೆಯದನ್ನು ಕೊಳ್ಳುವವರು ಸಾಮಾನ್ಯವಾಗಿ ಹಳೆಯದರ ನೇಮ್‌ಪ್ಲೇಟ್ ಫೋಟೋ ತೆಗೆದು ಕಳಿಸಿ, ಇಷ್ಟೇ ಸೈಜಿನ ಹೊಸದು ಬೇಕು ಅನ್ನುತ್ತಾರೆ. ಹಳೆಯದು ಮನೆಯನ್ನು ಒಂದು ಚಳಿಗಾಲವೂ ಸರಿಯಾಗಿ ಬೆಚ್ಚಗಿಟ್ಟಿರಲಿಲ್ಲ ಎಂಬುದು ಆ ಫೋಟೋದಲ್ಲಿ ಕಾಣುವುದಿಲ್ಲ.

ಪೋರ್ಟ್‌ಲ್ಯಾಂಡ್ ಊರಿನ ಒಂದು ಕನ್ನಡ ಮನೆಯಲ್ಲಿ ಮೇ ತಿಂಗಳ ಒಂದು ಸಂಜೆ ನಡೆದ ಮಾತುಕತೆ ಇದೇ ವಿಷಯದ ಮೇಲಿತ್ತು. ಮನೆ 1950ರ ದಶಕದ್ದು, ಅಲ್ಲಿನವರು ಕೇಪ್ ಎನ್ನುವ ಮಾದರಿ: ಕೆಳಗೆ ಪೂರ್ತಿ ಅಂತಸ್ತು, ಮೇಲೆ ಇಳಿಜಾರು ಚಾವಣಿಯಡಿ ಎರಡು ಮಲಗುವ ಕೋಣೆ. ಮಾತಾಡಿದವರು ಇಬ್ಬರು. ಮನೆಯ ಖರ್ಚುವೆಚ್ಚವನ್ನೆಲ್ಲ ತಾನೇ ನೋಡಿಕೊಳ್ಳುವ ಸೊಸೆ ಮತ್ತು ಮೊಮ್ಮಗುವನ್ನು ನೋಡಲು ಹಾಸನದಿಂದ ಬಂದಿದ್ದ ಮಾವ. ಹಾಸನದ ಆಲೂಗಡ್ಡೆ ಕೋಲ್ಡ್ ಸ್ಟೋರೇಜ್ ಒಂದರ ಮಷಿನ್ ರೂಮಿನಲ್ಲಿ ಅವರು ನಿವೃತ್ತಿಯವರೆಗೂ ದುಡಿದವರು. ಜಲಂಧರದಿಂದ ಬರುವ ಬಿತ್ತನೆ ಗೆಡ್ಡೆಯನ್ನು ಮುಂಗಾರಿನ ತನಕ ಮೊಳಕೆ ಬಾರದಂತೆ ಕಾಯುವುದು ಅವರ ಕೆಲಸವಾಗಿತ್ತು.

ಸೊಸೆ ಮೂರು ಕೊಟೇಶನ್‌ಗಳನ್ನು ಊಟದ ಮೇಜಿನ ಮೇಲೆ ಹರಡಿದಳು. "ಮೊದಲನೆಯವರು ಹಳೇದರಷ್ಟೇ ಸೈಜು ಬರೆದಿದ್ದಾರೆ ಮಾವ, 12,000 ಬಿಟಿಯು. ಎರಡನೆಯವರು ಹೊರಗೆ ಒಂದೇ ದೊಡ್ಡ ಯೂನಿಟ್ಟು, ಒಳಗೆ ಐದು ಕಡೆ ಗೋಡೆಗೆ ಒಂದೊಂದು, ಒಟ್ಟು 48,000. ಮೂರನೆಯವರು ಎರಡು ಚಿಕ್ಕ ಯೂನಿಟ್ಟು ಬೇರೆಬೇರೆಯಾಗಿ ಹಾಕೋಣ ಅಂತಾರೆ."

"ಮೂವರಲ್ಲಿ ಮನೆಯ ಲೋಡ್ ಹಿಡಿದವರು, ಅಂದ್ರೆ ಅದಕ್ಕೆ ಎಷ್ಟು ಶಾಖ ಬೇಕು ಅಂತ ಲೆಕ್ಕ ಹಾಕಿದವರು ಯಾರು?"

"ಎರಡನೆಯವರು ನೆಲಮಾಳಿಗೆಗೆ ಹೋಗಿ ಬಾಯ್ಲರ್ ಮೇಲಿನ ನಂಬರ್ ನೋಡ್ಕೊಂಡು ಬಂದ್ರು. ಮೂರನೆಯವರು ಎಣ್ಣೆ ಬಿಲ್ ಕೇಳಿದ್ರು."

"ಹಾಗಾದ್ರೆ ಮೂರನೆಯವರ ಹತ್ತಿರ ಮಾತಾಡಬಹುದು. ಬಾಯ್ಲರ್ ನಂಬರ್ ನೋಡಿ ಏನು ಗೊತ್ತಾಗುತ್ತೆ? ಎಪ್ಪತ್ತು ವರ್ಷದ ಹಿಂದೆ ಯಾರೋ ಕಣ್ಣಂದಾಜಲ್ಲಿ ಹಾಕಿದ್ದನ್ನ ಆಮೇಲೆ ಬಂದವರೆಲ್ಲ ನಕಲು ಮಾಡಿರ್ತಾರೆ. ಎಣ್ಣೆ ಬಿಲ್ ತೆಗಿ."

ಒಂದು ಅನುಕೂಲವಿತ್ತು. ಹಳೆಯ ಹೀಟ್ ಪಂಪಿನ ಕಂಪ್ರೆಸರ್ ಚಳಿಗಾಲ ಶುರುವಾಗುವ ಮೊದಲೇ ಕೆಟ್ಟಿದ್ದರಿಂದ ಕಳೆದ ಚಳಿಗಾಲ ಪೂರ್ತಿ ಮನೆ ಎಣ್ಣೆಯ ಮೇಲೇ ನಡೆದಿತ್ತು. ಅಂದರೆ ಮನೆ ಎಷ್ಟು ಶಾಖ ಬೇಡುತ್ತದೆ ಎಂಬುದು ಬಿಲ್ಲಿನಲ್ಲೇ ದಾಖಲಾಗಿತ್ತು. ವರ್ಷಕ್ಕೆ 820 ಗ್ಯಾಲನ್. ಸ್ನಾನದ ಬಿಸಿನೀರೂ ಅದೇ ಬಾಯ್ಲರಿನದು. ಬೇಸಿಗೆಯ ತಿಂಗಳ ಖರ್ಚು ಹತ್ತು ಗ್ಯಾಲನ್ ಎಂದು ನೋಡಿ, ವರ್ಷಕ್ಕೆ 120 ಕಳೆದರು. ಉಳಿದದ್ದು 700.

ಮುಂದಿನ ಲೆಕ್ಕ ಯಾವ ಚಳಿ ದೇಶದ ಮನೆಯವರಾದರೂ ಕೂತು ಮಾಡಬಹುದಾದದ್ದು. ಒಂದು ಗ್ಯಾಲನ್, ಅಂದರೆ 3.8 ಲೀಟರ್ ಎಣ್ಣೆಯಲ್ಲಿ ಸುಮಾರು 40 ಕಿಲೋವಾಟ್-ಗಂಟೆ ಶಾಖವಿದೆ. ಹಳೆಯ ಬಾಯ್ಲರ್ ಅದರಲ್ಲಿ ನೂರಕ್ಕೆ 80ರಷ್ಟನ್ನು ಮನೆಗೆ ಮುಟ್ಟಿಸಿದರೆ 32. ಒಟ್ಟು 22,400. ಚಳಿಯ ಅಳತೆಗೆ ಹವಾಮಾನದವರು ಡಿಗ್ರಿ-ದಿನ ಎಂಬ ಮಾನ ಇಟ್ಟುಕೊಂಡಿದ್ದಾರೆ. ಹೊರಗಿನ ದಿನದ ಸರಾಸರಿ ಉಷ್ಣಾಂಶ 18 ಡಿಗ್ರಿ ಸೆಲ್ಸಿಯಸ್‌ಗಿಂತ ಎಷ್ಟು ಕೆಳಗಿತ್ತು ಎಂಬುದನ್ನು ದಿನದಿನವೂ ಕೂಡಿಸಿದ ಮೊತ್ತ ಅದು. ಪೋರ್ಟ್‌ಲ್ಯಾಂಡಿನಲ್ಲಿ ಅದು ವರ್ಷಕ್ಕೆ ಸುಮಾರು 3,900. ಅದನ್ನು 24 ಗಂಟೆಯಿಂದ ಗುಣಿಸಿ, 22,400ನ್ನು ಅದರಿಂದ ಭಾಗಿಸಿದರೆ 0.24 ಬರುತ್ತದೆ. ಹೊರಗೆ ಒಂದೊಂದು ಡಿಗ್ರಿ ಚಳಿ ಹೆಚ್ಚಿದಾಗಲೂ ಈ ಮನೆ 0.24 ಕಿಲೋವಾಟ್ ಶಾಖವನ್ನು ಹೆಚ್ಚಾಗಿ ಕೇಳುತ್ತದೆ.

"ಇಲ್ಲಿ ಅತಿ ಚಳಿ ಅಂದ್ರೆ ಎಷ್ಟು ಅಂತ ಹಿಡೀಬೇಕು?" ಮಾವ ಕೇಳಿದರು.

"ಇಂಜಿನಿಯರುಗಳು ಹಿಡಿಯೋದು ಮೈನಸ್ 16. ವರ್ಷದ ಗಂಟೆಗಳಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಅದಕ್ಕಿಂತ ಕೆಳಗೆ ಹೋಗುತ್ತೆ, 88 ಗಂಟೆ. ಉತ್ತರದ ಕ್ಯಾರಿಬೂ ಊರಿನ ಕಡೆ ಆದ್ರೆ ಇನ್ನೂ ಏಳೆಂಟು ಡಿಗ್ರಿ ಕೆಳಗೆ."

"18ರಿಂದ ಮೈನಸ್ 16ಕ್ಕೆ 34 ಡಿಗ್ರಿ. 34ನ್ನ 0.24ರಿಂದ ಗುಣಿಸು."

"8.2 ಕಿಲೋವಾಟ್. ಅಂದ್ರೆ ಗಂಟೆಗೆ 28,000 ಬಿಟಿಯು."

ಮೂರು ಕೊಟೇಶನ್‌ಗಳಲ್ಲಿ ಒಂದು ಈ ಅಂಕಿಯ ಅರ್ಧಕ್ಕಿಂತ ಕೆಳಗಿತ್ತು, ಇನ್ನೊಂದು ಅದರ ಸುಮಾರು ಒಂದೂಮುಕ್ಕಾಲು ಪಟ್ಟಿತ್ತು. ಮಾವನಿಗೆ ಇದು ಹೊಸದಲ್ಲ. ಕೋಲ್ಡ್ ಸ್ಟೋರೇಜ್ ಕಟ್ಟುವಾಗ ಗೋಡೆಯಿಂದ ಬರುವ ಶಾಖ, ಬಾಗಿಲು ತೆಗೆದಾಗ ನುಗ್ಗುವ ಶಾಖ, ಉಸಿರಾಡುವ ಗೆಡ್ಡೆಯ ಶಾಖ, ಒಳಗೆ ದುಡಿಯುವ ಹಮಾಲರ ಮೈಶಾಖ ಎಲ್ಲವನ್ನೂ ಕೂಡಿಸಿ ಕಂಪ್ರೆಸರ್ ತರುತ್ತಾರೆ. ಅಲ್ಲಿ ಒಳಗಿನ ಶಾಖವನ್ನು ಹೊರಗೆ ಎಸೆಯುವ ಯಂತ್ರವೇ ಇಲ್ಲಿ ಹೊರಗಿನ ಶಾಖವನ್ನು ಒಳಗೆ ತರುತ್ತದೆ. ಭಾಗಗಳು ಅವೇ, ದಿಕ್ಕು ಬೇರೆ. ಇದು ಇತ್ತೀಚಿನ ತಂತ್ರವೂ ಅಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ನದಿದಂಡೆಯ ಟೌನ್ ಹಾಲ್ 1938ರಲ್ಲೇ ಲಿಮಾಟ್ ನದಿಯ ತಣ್ಣೀರಿನಿಂದ ಶಾಖ ಎತ್ತುವ ಹೀಟ್ ಪಂಪ್ ಹಾಕಿಸಿಕೊಂಡಿತ್ತು. ಅದಕ್ಕೆ ಬದಲಿ ಬಂದದ್ದು 2001ರಲ್ಲಿ.

"ಸರಿ, 8.2 ಅಂತ ಬಂತು," ಎಂದರು ಮಾವ. "ಆದ್ರೆ ಅಷ್ಟಕ್ಕೇ ಮಷಿನ್ ತರಬೇಡ. ಮೇಲಿನ ಕೋಣೆ ಯಾಕೆ ತಣ್ಣಗಿರುತ್ತೆ ಅಂತ ಮೊದಲು ನೋಡೋಣ. ನಮ್ಮಲ್ಲಿ ಹಳೇ ಛೇಂಬರ್ ಗೋಡೆಗೆ ಭತ್ತದ ಹೊಟ್ಟು ತುಂಬಿರ್ತಿದ್ರು. ಹೊಟ್ಟು ವರ್ಷ ಕಳೆದ ಹಾಗೆ ಕೆಳಗೆ ಕೂತುಬಿಡೋದು, ಮೇಲೆ ಗೋಡೆ ಖಾಲಿ. ಓನರ್ ಇನ್ನೊಂದು ಕಂಪ್ರೆಸರ್ ತರೋಣ ಅನ್ನೋರು. ಬೇಕಾಗಿದ್ದದ್ದು ಗೋಡೆಗೆ ಥರ್ಮೋಕೋಲ್."

ಕೇಪ್ ಮನೆಗಳ ರೋಗ ಬಹುಮಟ್ಟಿಗೆ ಇದೇ. ಮೇಲಂತಸ್ತಿನಲ್ಲಿ ಇಳಿಜಾರು ಚಾವಣಿ ನೆಲಕ್ಕೆ ತೀರ ತಗ್ಗಿ ಬರುವ ಕಡೆ ಗಿಡ್ಡ ಗೋಡೆ ಕಟ್ಟಿ, ಅದರ ಹಿಂದೆ ಕತ್ತಲ ಸಂದು ಬಿಟ್ಟಿರುತ್ತಾರೆ. ಆ ಸಂದಿನ ಗಾಳಿ ಹೊರಗಿನಷ್ಟೇ ತಣ್ಣಗಿರುತ್ತದೆ. ಕೋಣೆಯ ನೆಲದ ಹಲಗೆಯಡಿ ನುಸುಳಿ ಇಡೀ ಅಂತಸ್ತಿನ ಕೆಳಗೆ ಓಡಾಡುತ್ತದೆ. ಕೋಣೆಯೊಳಗೆ ಎಂಥ ಯಂತ್ರ ತಂದಿಟ್ಟರೂ ಕಾಲಡಿಯ ಚಳಿ ಹೋಗುವುದಿಲ್ಲ. ಬಾಗಿಲಿಗೆ ದೊಡ್ಡ ಫ್ಯಾನು ಕಟ್ಟಿ ಮನೆಯ ಗಾಳಿಯನ್ನು ಹೊರಗೆಳೆದು, 50 ಪ್ಯಾಸ್ಕಲ್ ಒತ್ತಡ ವ್ಯತ್ಯಾಸದಲ್ಲಿ ಎಲ್ಲೆಲ್ಲಿ ಸೋರುತ್ತದೆಂದು ಹುಡುಕುವ ಪರೀಕ್ಷೆ ಅಲ್ಲಿ ಸುಲಭವಾಗಿ ಸಿಗುತ್ತದೆ. ಮೂರು ಕೊಟೇಶನ್‌ಗಳಲ್ಲಿ ಯಾವುದೂ ಅದರ ಮಾತೆತ್ತಿರಲಿಲ್ಲ. ಯಂತ್ರ ಮಾರುವವರು ಯಂತ್ರದ ಬೆಲೆ ಬರೆದುಕೊಡುತ್ತಾರೆ. ಸಂದು ಮುಚ್ಚುವವರು ಬೇರೆ ಜನ. ಇಬ್ಬರನ್ನೂ ಕರೆಸಿ ಯಾರು ಮೊದಲು ಎಂದು ಗೊತ್ತುಮಾಡುವ ಹೊಣೆ ಮನೆಯವರ ಮೇಲೇ ಬೀಳುತ್ತದೆ. ಈ ವ್ಯವಹಾರದಲ್ಲಿ ಅತ್ಯಂತ ಬೇಸರ ತರಿಸುವ ಸಂಗತಿ ಇದು.

"ಬೇಸಿಗೆಯಲ್ಲೇ ಸಂದು ಮುಚ್ಚಿಸಿ ಇನ್ಸುಲೇಶನ್ ಹಾಕಿಸಿದ್ರೆ 8.2 ಎಷ್ಟಕ್ಕೆ ಇಳೀಬಹುದು?" ಸೊಸೆ ಕೇಳಿದಳು.

"ಈಗಲೇ ಹೇಳೋಕಾಗಲ್ಲ. ಕೆಲಸ ಆದಮೇಲೆ ಮತ್ತೆ ಫ್ಯಾನ್ ಕಟ್ಟಿ ನೋಡಬೇಕು. ಕೆಳಗಂತೂ ಇಳಿಯುತ್ತೆ."

ಆಕೆ ಯಂತ್ರಗಳ ತಾಂತ್ರಿಕ ಹಾಳೆ ತೆಗೆದಳು. ಇಲ್ಲಿ ಇಬ್ಬರೂ ಬಹಳ ಹೊತ್ತು ನಿಂತರು. ನಿಲ್ಲಬೇಕಾದ ಜಾಗವೂ ಇದೇ.

ಹೀಟ್ ಪಂಪಿನ ಡಬ್ಬಿಯ ಮೇಲೆ ಬರೆದಿರುವ ಬಿಸಿಮಾಡುವ ಶಕ್ತಿ ಹೊರಗೆ 8.3 ಡಿಗ್ರಿ ಸೆಲ್ಸಿಯಸ್ ಇರುವಾಗಿನದು. ಆ ಹವೆಯಲ್ಲಿ ಮೇಯ್ನ್‌ನ ಜನ ತೆಳು ಜಾಕೆಟ್ಟಿನಲ್ಲಿ ಓಡಾಡುತ್ತಾರೆ. ಹೊರಗಿನ ಗಾಳಿ ತಣ್ಣಗಾದಷ್ಟೂ ಸಾಧಾರಣ ಯಂತ್ರದ ಶಕ್ತಿ ಕುಗ್ಗುತ್ತದೆ, ಮನೆಯ ಬೇಡಿಕೆ ಅದೇ ಹೊತ್ತಿಗೆ ಏರುತ್ತದೆ. ಕೆಟ್ಟುಹೋದ ಹಳೆಯ ಯೂನಿಟ್ಟಿನ ಕೈಪಿಡಿ ಇನ್ನೂ ಡ್ರಾಯರಿನಲ್ಲಿತ್ತು. 12,000 ಬಿಟಿಯು ಎಂದು ಹೆಸರಿದ್ದರೂ ಮೈನಸ್ 15ರಲ್ಲಿ ಅದು ಕೊಡುತ್ತಿದ್ದದ್ದು 7,000, ಎರಡು ಕಿಲೋವಾಟ್. ಮನೆ ಎಂಟು ಕೇಳುವಾಗ ಎರಡು.

"ಹತ್ತು ಹನ್ನೆರಡು ವರ್ಷ ಇದು ಕೆಟ್ಟ ಕಂಪನಿ ಮಾಲು ಅಂತಲೇ ಎಲ್ಲರೂ ಬೈತಿದ್ವಿ," ಎಂದಳು ಸೊಸೆ.

"ಮಷಿನ್ ಕೆಟ್ಟದಲ್ಲ ಕಣಮ್ಮ. ಒಂದು ಹಜಾರಕ್ಕೆ ಸಾಲೋದನ್ನ ಇಡೀ ಮನೆಗೆ ಹಾಕಿದ್ರು."

ಚಳಿ ಸೀಮೆಗೆಂದೇ ಮಾಡಿದ ಯಂತ್ರಗಳ ಹಾಳೆಯಲ್ಲಿ ಬೇರೊಂದು ಅಂಕಿ ಸಿಗುತ್ತದೆ: ಮೈನಸ್ 15ರಲ್ಲಿ ಗರಿಷ್ಠ ಶಕ್ತಿ. ವೇಗ ಏರಿಳಿಸಬಲ್ಲ ಇನ್ವರ್ಟರ್ ಕಂಪ್ರೆಸರ್ ಇದ್ದು, ಕೆಲವು ಮಾದರಿಗಳಲ್ಲಿ ಸಂಕೋಚನದ ನಡುವೆ ಇನ್ನಷ್ಟು ಗ್ಯಾಸ್ ಸೇರಿಸುವ ಏರ್ಪಾಟೂ ಇರುವುದರಿಂದ, ಒಳ್ಳೆಯವು ಆ ಚಳಿಯಲ್ಲೂ ಹೆಸರಿನಷ್ಟೇ ಶಕ್ತಿ ಉಳಿಸಿಕೊಳ್ಳುತ್ತವೆ. ಅಮೆರಿಕದ ಎನರ್ಜಿ ಸ್ಟಾರ್ ಚಳಿ ಸೀಮೆಯ ಮುದ್ರೆ ಕೊಡಬೇಕಾದರೆ, ಮೈನಸ್ 15ರಲ್ಲಿ ಕನಿಷ್ಠ ನೂರಕ್ಕೆ 70ರಷ್ಟು ಶಕ್ತಿ ಉಳಿಯಬೇಕು, ಒಂದು ಪಾಲು ವಿದ್ಯುತ್ತಿಗೆ 1.75 ಪಾಲಾದರೂ ಶಾಖ ಬರಬೇಕು ಎಂದು ಕೇಳುತ್ತದೆ.

ಹಾಳೆಯ ಇನ್ನೊಂದು ಅಂಕಿಯನ್ನು ಕೊಳ್ಳುವವರು ಕೇಳುವುದು ಕಡಿಮೆ, ಮಾರುವವರು ಹೇಳುವುದು ಇನ್ನೂ ಕಡಿಮೆ. ಅದು ಕನಿಷ್ಠ ಶಕ್ತಿ. ಎರಡನೆಯ ಕೊಟೇಶನ್‌ನ ದೊಡ್ಡ ಯೂನಿಟ್ಟು ಎಷ್ಟು ನಿಧಾನಿಸಿದರೂ 5.3 ಕಿಲೋವಾಟಿಗಿಂತ ಕೆಳಗಿಳಿಯುವಂತಿರಲಿಲ್ಲ. ಈ ಮನೆಗೆ ಸೊನ್ನೆ ಡಿಗ್ರಿಯಲ್ಲಿ ಬೇಕಾದದ್ದು 4.3, ಎಂಟು ಡಿಗ್ರಿಯಲ್ಲಿ 2.4. ಅಂದರೆ ಚಳಿಗಾಲದ ಬಹುಪಾಲು ದಿನ ಅದು ಶುರುವಾಗುವುದು, ನಿಲ್ಲುವುದು, ಮತ್ತೆ ಶುರುವಾಗುವುದು ಇದರಲ್ಲೇ ಕಳೆಯುತ್ತದೆ. ಪ್ರತಿ ಆರಂಭಕ್ಕೂ ವಿದ್ಯುತ್ ಪೋಲು, ಕಂಪ್ರೆಸರಿಗೆ ಸವೆತ.

"ಐದು ಕೋಣೆಗೆ ಐದು ರಿಮೋಟು ಅಂದಾಗ ನನಗೂ ಚೆನ್ನಾಗಿ ಕಂಡಿತ್ತು. ಬೇಕಾದ ಕೋಣೆ ಮಾತ್ರ ಹಾಕ್ಕೋಬಹುದಲ್ಲ ಅಂತ."

"ಒಂದೇ ಕೋಣೆ ಹಾಕಿದ್ರೂ ಹೊರಗೆ ಓಡೋದು ಅದೇ ದೊಡ್ಡ ಕಂಪ್ರೆಸರ್. ಮೂರನೆಯವರದ್ದು ಎಷ್ಟು ಕೊಡುತ್ತೆ?"

ಕೆಳಗಿನ ಅಂತಸ್ತಿಗೊಂದು, ಮೈನಸ್ 15ರಲ್ಲಿ 4.4 ಕಿಲೋವಾಟ್. ಮೇಲಿನ ಎರಡು ಕೋಣೆಗೆ ಗಿಡ್ಡ ಗೋಡೆಯ ಹಿಂದಿನ ಸಂದಿನಲ್ಲಿ ಅಡಗಿಸಿಟ್ಟು ಸಣ್ಣ ಡಕ್ಟಿನಿಂದ ಗಾಳಿ ಬಿಡುವ ಇನ್ನೊಂದು, 3.2 ಕಿಲೋವಾಟ್. ಕೂಡಿಸಿದರೆ 7.6. ಇವತ್ತಿನ ಮನೆಗೆ ಅರ್ಧ ಕಿಲೋವಾಟಿಗೂ ಸ್ವಲ್ಪ ಹೆಚ್ಚು ಕೊರತೆ. ಸಂದು ಮುಚ್ಚಿದ ಮೇಲೆ ಬಹುಶಃ ಸರಿಸಮ. ಹಾಗೆ ಮುಚ್ಚುವಾಗ ಇನ್ಸುಲೇಶನ್ ಚಾವಣಿಯ ಇಳಿಜಾರಿಗೆ ಬರಬೇಕು, ಆಗ ಯಂತ್ರವೂ ಡಕ್ಟೂ ಬೆಚ್ಚಗಿನ ಒಳಭಾಗಕ್ಕೆ ಸೇರುತ್ತವೆ. ಮಾವ ಇದನ್ನು ಎರಡು ಸಲ ಹೇಳಿ, ಕೊಟೇಶನ್‌ನ ಅಂಚಿನಲ್ಲಿ ಬರೆಸಿದರು.

ದುಡ್ಡಿನ ಮಾತಿಗೆ ಬಂದಾಗ ಸೊಸೆಯ ಲೆಕ್ಕ ಚುರುಕಾಗಿತ್ತು. ಎಣ್ಣೆ ಗ್ಯಾಲನ್‌ಗೆ 3.60 ಡಾಲರ್, ಕರೆಂಟು ಯೂನಿಟ್ಟಿಗೆ 27 ಸೆಂಟ್ ಎಂದಿಟ್ಟುಕೊಂಡಳು. ಎಣ್ಣೆಯಿಂದ ಸಿಗುವ ಒಂದು ಕಿಲೋವಾಟ್-ಗಂಟೆ ಶಾಖಕ್ಕೆ ಹನ್ನೊಂದೂಕಾಲು ಸೆಂಟ್. 27ನ್ನು ಅದರಿಂದ ಭಾಗಿಸಿದರೆ 2.4. ಒಂದು ಪಾಲು ವಿದ್ಯುತ್ತಿಗೆ 2.4 ಪಾಲಿಗಿಂತ ಹೆಚ್ಚು ಶಾಖ ಕೊಡುವವರೆಗೆ ಹೀಟ್ ಪಂಪ್ ಅಗ್ಗ, ಅದಕ್ಕಿಂತ ಇಳಿದರೆ ಎಣ್ಣೆ ಅಗ್ಗ. ಒಳ್ಳೆಯ ಯಂತ್ರ ಎಂಟು ಡಿಗ್ರಿಯಲ್ಲಿ ಮೂರೂವರೆ ಮುಟ್ಟುತ್ತದೆ, ಮೈನಸ್ 15ರಲ್ಲಿ ಎರಡರ ಹತ್ತಿರಕ್ಕೆ ಬರುತ್ತದೆ.

"ಹಾಗಾದ್ರೆ ತೀರ ಚಳಿ ಇರೋ ರಾತ್ರಿಗಳಲ್ಲಿ ಬಾಯ್ಲರೇ ಅಗ್ಗ ಆಯ್ತಲ್ಲ ಮಾವ. ಅದನ್ನ ಕೀಳಿಸಬಾರದು."

"ಕೀಳಿಸಬೇಡ. ಕೊರತೆ ಬಿದ್ದ ಅರ್ಧ ಕಿಲೋವಾಟಿಗೂ ಅದೇ ಆಗುತ್ತೆ. ಆದ್ರೆ ಎರಡೂ ಜಗಳಕ್ಕೆ ಬೀಳದ ಹಾಗೆ ನೋಡ್ಕೋ. ಬಾಯ್ಲರ್ ಥರ್ಮೋಸ್ಟಾಟ್ ಎರಡು ಮೂರು ಡಿಗ್ರಿ ಕೆಳಗಿರಲಿ."

ಕೇಂದ್ರ ಸರ್ಕಾರ ಹೀಟ್ ಪಂಪ್‌ಗೆ ಕೊಡುತ್ತಿದ್ದ ತೆರಿಗೆ ರಿಯಾಯಿತಿ, ಅಂದರೆ ಖರ್ಚಿನ ನೂರಕ್ಕೆ 30, ಗರಿಷ್ಠ 2,000 ಡಾಲರ್, 2025ರ ಡಿಸೆಂಬರ್ 31ಕ್ಕೆ ಮುಗಿದುಹೋಗಿತ್ತು. ಸೊಸೆಗೆ ಅದರ ಬೇಸರವಿತ್ತು. ಆದರೂ ಈ ಬದಲಾವಣೆಯನ್ನು ಆಕೆ ಬರೀ ಉಳಿತಾಯಕ್ಕಾಗಿ ಮಾಡಹೊರಟಿರಲಿಲ್ಲ. ಒಂದು ಗ್ಯಾಲನ್ ಎಣ್ಣೆ ಸುಟ್ಟರೆ ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್. 700 ಗ್ಯಾಲನ್‌ಗೆ ಏಳು ಟನ್. ಆ ಪ್ರದೇಶದ ವಿದ್ಯುತ್ತಿನ ದೊಡ್ಡ ಪಾಲು ಈಗಲೂ ನೈಸರ್ಗಿಕ ಅನಿಲದಿಂದ ಬರುತ್ತದೆ, ಆದ್ದರಿಂದ ಏಳು ಟನ್ನೂ ಮಾಯವಾಗುವುದಿಲ್ಲ. ದೊಡ್ಡ ಭಾಗ ಕಡಿಮೆಯಾಗುತ್ತದೆ, ಅಷ್ಟು ಸಾಕು ಎಂಬುದು ಆಕೆಯ ನಿಲುವು.

"ಕರೆಂಟ್ ಹೋದ್ರೆ?" ಎಂದರು ಮಾವ. ಹಾಸನದವರಿಗೆ ಸಹಜವಾಗಿ ಬರುವ ಪ್ರಶ್ನೆ.

ಮೇಯ್ನ್‌ಗೂ ಅದು ಹೊರಗಿನದಲ್ಲ. 1998ರ ಜನವರಿಯಲ್ಲಿ ಸುರಿದ ಮಳೆ ಮರಗಳ ಮೇಲೆ, ತಂತಿಗಳ ಮೇಲೆ ಮಂಜುಗಡ್ಡೆಯಾಗಿ ಕಟ್ಟಿ, ರಾಜ್ಯದ ಅರ್ಧಕ್ಕೂ ಹೆಚ್ಚು ಜನ ಕತ್ತಲೆಗೆ ಬಿದ್ದಿದ್ದರು, ಕೆಲವೆಡೆ ವಾರಗಟ್ಟಲೆ. 2023ರ ಫೆಬ್ರವರಿ ಮೊದಲ ವಾರದಲ್ಲಿ ಪಕ್ಕದ ನ್ಯೂ ಹ್ಯಾಂಪ್‌ಶೈರಿನ ಮೌಂಟ್ ವಾಷಿಂಗ್ಟನ್ ಶಿಖರದ ಮೇಲೆ ಉಷ್ಣಾಂಶ ಮೈನಸ್ 44ಕ್ಕೆ ಇಳಿದಿತ್ತು. ಇಂಥ ದಿನಗಳಲ್ಲಿ ಹೀಟ್ ಪಂಪನ್ನೇ ನಂಬಿ ಕೂರಬಾರದು ಎಂದು ಅಲ್ಲಿನ ಹಿರಿಯರು ಹೇಳುವುದುಂಟು. ಎಣ್ಣೆಯ ಬಾಯ್ಲರಿಗೂ ಬರ್ನರ್ ಓಡಿಸಲು, ಬಿಸಿನೀರನ್ನು ಕೊಳವೆಗಳಲ್ಲಿ ತಳ್ಳಲು ಕರೆಂಟು ಬೇಕು ಎಂಬುದನ್ನು ಮಾತ್ರ ಮರೆಯುತ್ತಾರೆ. ಕರೆಂಟಿಲ್ಲದೆ ಈ ಮನೆಯನ್ನು ಕಾಯಿಸಬಲ್ಲದ್ದು ಸೌದೆ ಒಲೆಯೊಂದೇ, ಅದು ಹಜಾರದಲ್ಲಿ ಮೊದಲಿಂದಲೂ ಇದೆ.

ಕೊನೆಗೆ ಮಾತು ಯಂತ್ರದೊಳಗೆ ಶಾಖ ಹೊರುವ ಗ್ಯಾಸಿನತ್ತ ತಿರುಗಿತು, ಮಾವನ ದನಿಗೆ ಬೇರೆಯೇ ಖಚಿತತೆ ಬಂತು. ಹಳೆಯ ಯೂನಿಟ್ಟಿನಲ್ಲಿದ್ದದ್ದು ಆರ್-410ಎ. ಇಂಗಾಲದ ಡೈಆಕ್ಸೈಡಿನ 2,088 ಪಟ್ಟು ಭೂಮಿಯನ್ನು ಬಿಸಿಮಾಡಬಲ್ಲ ಅನಿಲ. ಒಂದು ಕಿಲೋ ಹೊರಗೆ ಹೋದರೆ 200 ಗ್ಯಾಲನ್ ಎಣ್ಣೆ ಸುಟ್ಟ ಹಾಗೆ. 2025ರ ಜನವರಿಯಿಂದ ಅಮೆರಿಕದಲ್ಲಿ ಮನೆಬಳಕೆಯ ಹೊಸ ಯಂತ್ರಗಳನ್ನು ಈ ಗ್ಯಾಸ್‌ನಲ್ಲಿ ತಯಾರಿಸುವಂತಿಲ್ಲ. ಬದಲಿಗೆ ಬಂದವು ಆರ್-32 ಮತ್ತು ಆರ್-454ಬಿ. ಒಂದರದು 675 ಪಟ್ಟು, ಇನ್ನೊಂದರದು 466. ಎರಡೂ ಸಣ್ಣಗೆ ಹತ್ತಿಕೊಳ್ಳುವ ಗುಣದವು, ಆದ್ದರಿಂದ ಜೋಡಣೆಯ ನಿಯಮ ಬಿಗಿಯಾಗಿದೆ.

"ನಮ್ಮ ಪ್ಲಾಂಟಲ್ಲಿ ಅಮೋನಿಯಾ. ಒಂದು ಚೂರು ಸೋರಿದ್ರೂ ಮೂಗಿಗೆ ಹೊಡೆಯೋದು, ಎಲ್ಲಿ ಅಂತ ಹುಡುಕ್ಕೊಂಡು ಹೋಗ್ತಿದ್ವಿ. ಇವಕ್ಕೆ ವಾಸನೆ ಇಲ್ಲ. ಎರಡು ವರ್ಷ ಸೋರಿದ್ರೂ ಗೊತ್ತಾಗಲ್ಲ, ಮಷಿನ್ ಮುದಿಯಾಯ್ತು ಅನ್ಕೋತಾರೆ. ಹಳೇ ಪೈಪೇ ಇಟ್ಕೊಳ್ಳೋದಾದ್ರೆ ಸೈಜು ಹೊಂದುತ್ತಾ ಕೇಳು, ಫ್ಲೇರ್ ಜಾಯಿಂಟ್ ಎಲ್ಲ ಕತ್ತರಿಸಿ ಹೊಸದಾಗಿ ಮಾಡಿಸು. ನೈಟ್ರೋಜನ್ ತುಂಬಿ ಪ್ರೆಶರ್ ನಿಲ್ಲುತ್ತಾ ನೋಡಬೇಕು. ಆಮೇಲೆ ವ್ಯಾಕ್ಯೂಮ್, 500 ಮೈಕ್ರಾನಿಗಿಂತ ಕೆಳಗೆ. ಪಂಪ್ ನಿಲ್ಲಿಸಿದ ಮೇಲೂ ಮುಳ್ಳು ಏರಬಾರದು."

"ಹಳೇ ಗ್ಯಾಸು?"

"ಸಿಲಿಂಡರಿಗೆ ವಾಪಸ್ ಎಳ್ಕೊಂಡು ಹೋಗಬೇಕು."

"ಅದು ಇಲ್ಲಿ ಕಾನೂನೇ ಇದೆ ಮಾವ, ಗಾಳಿಗೆ ಬಿಡೋ ಹಾಗಿಲ್ಲ." ಸೊಸೆ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಹೊರಗಿನ ಯೂನಿಟ್ಟನ್ನು ಎಲ್ಲಿಡುವುದೆಂಬ ಸಾಲನ್ನೂ ಸೇರಿಸಿದಳು. ಹಳೆಯದು ಚಾವಣಿಯ ಅಂಚಿನ ನೇರ ಕೆಳಗೆ, ನೆಲದ ಮೇಲೇ ಕೂತಿತ್ತು. ಮೇಲಿಂದ ಕರಗಿ ತೊಟ್ಟಿಕ್ಕುವ ನೀರು ಅದರ ಮೇಲೇ ಬಿದ್ದು ಗಡ್ಡೆ ಕಟ್ಟುತ್ತಿತ್ತು. ಸೊನ್ನೆಯ ಆಸುಪಾಸಿನ ತೇವದ ಹವೆಯಲ್ಲಿ ಕಾಯಿಲ್ ಮೇಲೆ ಹಿಮ ಕೂರುವುದು ಸಹಜ. ಯಂತ್ರ ಆಗಾಗ ತಿರುಗುಮುರುಗಾಗಿ ಓಡಿ ಅದನ್ನು ಕರಗಿಸುತ್ತದೆ. ಕರಗಿದ ನೀರು ಹರಿದುಹೋಗಲು ಕೆಳಗೆ ಜಾಗ ಬೇಕು. ಹೊಸವನ್ನು ಚಾವಣಿಯ ತುದಿಗೋಡೆಯ ಕಡೆಗೆ ಸರಿಸಿ, ಬೀಳುವ ಹಿಮದ ಮಟ್ಟಕ್ಕಿಂತ ಎತ್ತರದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು.

ಜೂನ್‌ನಲ್ಲಿ ಸಂದು ಮುಚ್ಚುವವರು, ಮತ್ತೆ ಫ್ಯಾನ್ ಪರೀಕ್ಷೆ, ಆಗಸ್ಟಿನಲ್ಲಿ ಯಂತ್ರ ಎಂದು ಗೊತ್ತಾಯಿತು. ಸೊಸೆ ಮೂರನೆಯವರಿಗೆ ಬರೆಯಬೇಕಾದ ಪ್ರಶ್ನೆಗಳನ್ನು ಓದಿ ಹೇಳಿದಳು: ಮೈನಸ್ 15ರಲ್ಲಿ ಗರಿಷ್ಠ ಎಷ್ಟು, ಕನಿಷ್ಠ ಎಷ್ಟು, ಸಂದು ಮುಚ್ಚಿದ ಮೇಲೆ ಲೋಡ್ ಮತ್ತೊಮ್ಮೆ ಹಿಡಿಯುತ್ತೀರಾ, ವ್ಯಾಕ್ಯೂಮ್ ಗೇಜ್ ನಮ್ಮ ಎದುರಿಗೇ ತೋರಿಸುತ್ತೀರಾ.

"ತೋರಿಸಲ್ಲ ಅಂದ್ರೆ?"

"ನಾಲ್ಕನೆಯವರನ್ನ ಕರಿ," ಎಂದರು ಮಾವ. "ಆಗಸ್ಟಿಗೆ ಇನ್ನೂ ಟೈಮಿದೆ."